ಮನೆಯಂಗಳದ ಎತ್ತುಮಣೆ

ಸ್ವಂತ ವಾಹನವುಳ್ಳ ಗೃಹಸ್ಥನಿಗೆ ಅದನ್ನು ಓಡಿಸುವುದು ಕಷ್ಟವಲ್ಲ, ಅದರ ಹೊಟ್ಟೆಯ ಕೆಳಗೆ ಕೈ ಹಾಕುವುದು ಕಷ್ಟ. ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಈ ಕಷ್ಟವು ಮಳೆಗಾಲ ಬಂದೊಡನೆ ಇಮ್ಮಡಿಯಾಗುವುದು. ಭದ್ರಾ ನಾಲೆಯ ನೀರು ಹರಿಯುವ ಗದ್ದೆಬಯಲಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಮೋಟಾರು ಸೈಕಲ್ಲು ತನ್ನೊಡನೆ ಹೊಲದ ಒಂದು ಪಾಲನ್ನೇ ಹೊತ್ತು ತರುವುದು. ನಮ್ಮ ಎರೆಯ ಮಣ್ಣಿನ ಗುಣವೇ ಅಂತಹುದು. ಹಸಿಯಾಗಿದ್ದಾಗ ಅಂಟಾಗಿ ಹಿಡಿಯುತ್ತದೆ. ಒಣಗಿದ ಮೇಲೆ ಹೆಂಟೆಯಾಗಿ ಕಚ್ಚುತ್ತದೆ. ಚೈನಿನ ಸಂದುಗಳಲ್ಲಿ, ಬ್ರೇಕಿನ ಬಾಯಲ್ಲಿ, ಮಡ್‌ಗಾರ್ಡಿನ ಒಳಮೈಯಲ್ಲಿ ಸೇರಿಕೊಂಡ ಆ ಮಣ್ಣನ್ನು ತೆಗೆಯಬೇಕಾದರೆ ಮನೆಯ ಯಜಮಾನನು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕತ್ತನ್ನು ಓರೆಮಾಡಿ, ಒಂದು ಗಂಟೆಯ ಕಾಲ ತಪಸ್ಸು ಮಾಡಬೇಕಾಗುವುದು. ಐವತ್ತು ದಾಟಿದವರ ಮಂಡಿಗಳಿಗೆ ಈ ತಪಸ್ಸು ಸಲ್ಲದು.

ಆದುದರಿಂದ ನೆಲದಲ್ಲಿರುವ ಗಾಡಿಯ ಬಳಿಗೆ ನಾವು ಬಾಗುವ ಬದಲು ಗಾಡಿಯೇ ಸೊಂಟದ ಮಟ್ಟಕ್ಕೆ ಏರಿಬರುವಂತೆ ಮಾಡಬಾರದೇಕೆ ಎಂಬ ಪ್ರಶ್ನೆಯು ಸಹಜವಾಗಿ ಹುಟ್ಟುವುದು. ದುರಸ್ತಿಯ ಅಂಗಡಿಗಳಲ್ಲಿ ಇಂತಹ ಸಾಧನವನ್ನು ವಾಚಕರು ನೋಡಿಯೇ ಇರುವರು. ಅದನ್ನು ಮನೆಯಲ್ಲಿಯೂ ಮಾಡಿಕೊಳ್ಳಬಹುದು. ಇದಕ್ಕೆ ನಾವು ಎತ್ತುಮಣೆ ಎಂದು ಹೆಸರಿಟ್ಟುಕೊಂಡು, ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಾಗಿಟ್ಟಿರುವೆವು.

ಈ ಬಯಕೆಯು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಹಿಮ ಬೀಳುವ ಕೆನಡಾ ದೇಶದಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೇ ಎಂಬಾತನು 1959ರಲ್ಲಿ ‘ಸ್ಕಿಡೂ’ ಎಂಬ ಹಗುರವಾದ ಹಿಮಗಾಡಿಯನ್ನು ಮಾರಾಟಕ್ಕೆ ತಂದನು. ಅದಕ್ಕೆ ಗಾಲಿಗಳಿಲ್ಲ, ಮುಂದೆ ಎರಡು ಜಾರುಹಲಗೆಗಳು, ಹಿಂದೆ ಸುತ್ತುವ ಅಗಲವಾದ ರಬ್ಬರಿನ ಪಟ್ಟೆ. ಆ ಪಟ್ಟೆಯನ್ನು ನೋಡಬೇಕಾದರೆ ಗಾಡಿಯ ಹಿಂಭಾಗವನ್ನು ನೆಲದಿಂದ ಮೇಲೆತ್ತಲೇಬೇಕು. ಆ ದೇಶದ ಗೃಹಸ್ಥರು ತಮ್ಮ ಕೊಟ್ಟಿಗೆಗಳಲ್ಲಿ ಮರದಿಂದಲೂ ಕಬ್ಬಿಣದಿಂದಲೂ ಎತ್ತುವ ಸಾಧನಗಳನ್ನು ತಾವೇ ಮಾಡಿಕೊಳ್ಳುವುದುಂಟು. ಕಾಡುಮೇಡುಗಳಲ್ಲಿ ಓಡುವ ದಪ್ಪ ಟಯರಿನ ನಾಲ್ಕುಗಾಲಿಯ ಮೋಟಾರುಗಳಿಗೂ ಅವರು ಅದನ್ನೇ ಬಳಸುವರು. ಈ ನಾಲ್ಕುಗಾಲಿಯವು ನಮ್ಮ ಕೊಡಗು ಚಿಕ್ಕಮಗಳೂರುಗಳ ವಿಹಾರಸ್ಥಾನಗಳಲ್ಲಿಯೂ ಈಗ ಕಾಣಸಿಗುವುವು. ಹಿಮಗಾಡಿಯೊಂದು ಹರಿಹರದ ಸೇತುವೆಯನ್ನು ದಾಟುವ ಸಂಭವವು ಕಡಮೆ. ನಮ್ಮಲ್ಲಿ ಎತ್ತಬೇಕಾದವು ಸ್ಕೂಟರು, ಮೋಟಾರು ಸೈಕಲ್ಲು, ಗದ್ದೆ ಉಳುವ ಪವರ್ ಟಿಲ್ಲರು.

ಕಟ್ಟುವ ಕೆಲಸಕ್ಕೆ ಕೈ ಹಾಕುವ ಮೊದಲು, ಎಷ್ಟೋ ಮನೆಗಳಲ್ಲಿ ನಡೆದುಬಂದಿರುವ ಕೆಲವು ಉಪಾಯಗಳನ್ನು ಕುರಿತು ಎರಡು ಮಾತು ಹೇಳಲೇಬೇಕು. ಗಾಡಿಯನ್ನು ಮಗ್ಗುಲಿಗೆ ಮಲಗಿಸುವುದು ಒಂದು ಉಪಾಯ. ಇದರಿಂದ ಪೆಟ್ರೋಲು ಸೋರುವುದು, ಹಳೆಯ ಬಗೆಯ ಬ್ಯಾಟರಿಯಾದರೆ ಅದರ ಆಮ್ಲವೂ ಚೆಲ್ಲುವುದು. ಮಾವಿನ ಮರದ ಕೊಂಬೆಗೆ ಹಗ್ಗ ಕಟ್ಟಿ ಮುಂಗಾಲಿಯನ್ನು ತೂಗುಬಿಡುವುದು ಇನ್ನೊಂದು. ತೂಗುವ ವಸ್ತುವು ಓಲಾಡದೆ ಬಿಡದು. ಓಲಾಡುವ ವಸ್ತುವಿನ ಕೆಳಗೆ ಕೈ ಹಾಕಿ ಕೆಲಸ ಮಾಡುವ ಧೈರ್ಯವನ್ನು ನಾವಂತೂ ಮೆಚ್ಚಲಾರೆವು. ಕಾರಿನ ಜಾಕನ್ನು ತಂದು ಎಂಜಿನ್ನಿನ ಅಡಿಗೆ ನೇರವಾಗಿ ಕೊಡುವುದು ಮೂರನೆಯದು. ಎಂಜಿನ್ನಿನ ಕೆಳಭಾಗವು ಅಲ್ಯೂಮಿನಿಯಮಿನ ಎರಕವಾದುದರಿಂದ ಜಾಕಿನ ಸಣ್ಣ ತಲೆಯು ಒಂದೇ ಕಡೆ ಒತ್ತಿದರೆ ಬಿರುಕುಬಿಡುವ ಭಯವುಂಟು.

ಇವೆಲ್ಲಕ್ಕಿಂತಲೂ ಕೆಟ್ಟುದು ಒಳಗೆ ಪೊಳ್ಳಾದ ಸಿಮೆಂಟ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಅವುಗಳ ಮೇಲೆ ಗಾಡಿಯನ್ನು ನಿಲ್ಲಿಸುವುದು. ಮರದ ದಿಮ್ಮಿಯು ಭಾರ ತಾಳದಿದ್ದರೆ ಮೊದಲು ಕಿರ್ರೆನ್ನುವುದು, ಸೀಳು ತೋರಿಸುವುದು, ಕುಗ್ಗುವುದು. ನಮಗೆ ದೂರ ಸರಿಯಲು ಸಮಯ ಕೊಡುವುದು. ಪೊಳ್ಳು ಇಟ್ಟಿಗೆಗೆ ಆ ಸೌಜನ್ಯವಿಲ್ಲ. ಅದು ನಿಂತಿರುವ ತನಕ ಗಟ್ಟಿಯಾಗಿಯೇ ನಿಂತಿದ್ದು, ಒಡೆಯುವಾಗ ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುವುದು.

ಈ ಉಪಾಯಗಳಲ್ಲೆಲ್ಲ ಒಂದೇ ದೋಷವು ಅಡಗಿದೆ. ಎತ್ತುವುದು ಒಂದು ಕೆಲಸ, ಎತ್ತಿದುದನ್ನು ನಿಲ್ಲಿಸುವುದು ಮತ್ತೊಂದು ಕೆಲಸ. ಇವೆರಡನ್ನೂ ಒಂದೇ ಎಂದೆಣಿಸುವುದೇ ಆ ದೋಷ. ನಮ್ಮ ಹಳೆಯ ಗಾಡಿಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಬೇಕಾದಾಗ ಸನ್ನೆಕೋಲು ಕೊಟ್ಟು ಒಂದು ಬದಿಯನ್ನು ಎತ್ತುತ್ತಿದ್ದರು. ಎತ್ತಿದ ಕೂಡಲೆ ಅಚ್ಚಿನ ಕೆಳಗೆ ದಪ್ಪನಾದ ಕೊರಡನ್ನು ನಿಲ್ಲಿಸುತ್ತಿದ್ದರು. ಅನಂತರವೇ ಕಡಾಣಿಯನ್ನು ಕಿತ್ತು ಗಾಲಿಯನ್ನು ಕಳಚುತ್ತಿದ್ದರು. ಸನ್ನೆಕೋಲನ್ನು ಅದುಮಿ ಹಿಡಿದವನ ತೋಳಬಲವನ್ನು ನಂಬಿ ಯಾರೂ ಅಚ್ಚಿನ ಕೆಳಗೆ ಕೈ ಹಾಕುತ್ತಿರಲಿಲ್ಲ. ತೇರನ್ನು ಎಳೆಯುವಾಗಲೂ ಹಗ್ಗ ಹಿಡಿದವರು ಸಾವಿರ ಜನರಿದ್ದರೂ ಗಾಲಿಗೆ ಬೆಣೆ ಕೊಡುವವರು ಬೇರೆಯೇ ಇರುವರಲ್ಲವೆ?

ಈಗ ಎತ್ತುಮಣೆಯ ವಿಚಾರಕ್ಕೆ ಬರೋಣ. ಇದರ ರೂಪವು ಬಲು ಸರಳ. ಕೆಳಗೆ ನೆಲದ ಮೇಲೆ ಕೂರುವ ಒಂದು ಚೌಕಟ್ಟು, ಮೇಲೆ ಗಾಡಿಯನ್ನು ಹೊರುವ ಒಂದು ಮಣೆ, ನಡುವೆ ಎಡಕ್ಕೊಂದು ಬಲಕ್ಕೊಂದು ಕತ್ತರಿ. ಅಡಿಕೆ ಕತ್ತರಿಸುವ ಕತ್ತರಿಯ ಎರಡು ಕಾಲುಗಳನ್ನು ಹತ್ತಿರಕ್ಕೆ ತಂದರೆ ಬಾಯಿ ಕೂಡಿಕೊಳ್ಳುವಂತೆ, ಇಲ್ಲಿ ಕತ್ತರಿಯ ಕೆಳಗಿನ ಎರಡು ತುದಿಗಳನ್ನು ಹತ್ತಿರಕ್ಕೆ ಎಳೆದರೆ ಮೇಲಿನ ಎರಡು ತುದಿಗಳೂ ಹತ್ತಿರವಾಗಿ ಮಣೆಯು ಮೇಲಕ್ಕೇರುವುದು. ಕೆಳಗಿನ ತುದಿಗಳಲ್ಲಿ ಒಂದನ್ನು ಚೌಕಟ್ಟಿಗೆ ಕೀಲಿನಿಂದ ಬಿಗಿದಿರುವುದು. ಇನ್ನೊಂದಕ್ಕೆ ಬೇರಿಂಗಿನ ಗಾಲಿ ಹಾಕಿ ಚಾನಲ್ಲಿನ ಕಾಲುವೆಯಲ್ಲಿ ಓಡಾಡುವಂತೆ ಬಿಟ್ಟಿರುವುದು. ಮೇಲೆಯೂ ಇದೇ ಕ್ರಮ. ಗಾಲಿಯಿರುವ ತುದಿಯನ್ನು ಉದ್ದವಾದ ಒಂದು ತಿರುಪಿನಿಂದ ಎಳೆದುಕೊಂಡರಾಯಿತು.

ಅಳತೆಗಳು ಹೀಗಿರಲಿ. ಕೆಳಚೌಕಟ್ಟು 5 ಅಡಿ ಉದ್ದ, 2½ ಅಡಿ ಅಗಲ. ಮೇಲಣ ಮಣೆ 6½ ಅಡಿ ಉದ್ದ, 2 ಅಡಿ ಅಗಲ. ಸಾಮಾನ್ಯವಾದ ಮೋಟಾರು ಸೈಕಲ್ಲಿನ ಎರಡು ಗಾಲಿಗಳೂ ಇದರ ಮೇಲೆ ಸುಖವಾಗಿ ನಿಲ್ಲುವುವು. ಮಣೆಯ ಅಂಚಿಗೆ 40 ಮಿ.ಮೀ. ಆಂಗಲು, ಮೇಲ್ಮೈಗೆ 3 ಮಿ.ಮೀ. ದಪ್ಪದ ಚೆಕರ್ ಪ್ಲೇಟು. ನುಣುಪಾದ ತಗಡು ಬೇಡ. ಒದ್ದೆಯಾದಾಗ ಅದರ ಮೇಲೆ ಗಾಡಿಯೂ ನಿಲ್ಲದು, ಮನುಷ್ಯನೂ ನಿಲ್ಲನು. ಕತ್ತರಿಯ ತೋಳುಗಳು ನಾಲ್ಕು. ಒಂದೊಂದೂ ಕೀಲಿನಿಂದ ಕೀಲಿಗೆ 4 ಅಡಿ ಉದ್ದ, 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪು. ಎಡಗಡೆಯ ತೋಳನ್ನು ಬಲಗಡೆಯ ಜೊತೆ ತೋಳಿಗೆ ಅಡ್ಡ ಪೈಪಿನಿಂದ ಬೆಸೆದಿರಬೇಕು. ಇಲ್ಲವಾದರೆ ಎರಡು ಕತ್ತರಿಗಳೂ ಹೊಂದಾಣಿಕೆಯಿಲ್ಲದ ಅಣ್ಣತಮ್ಮಂದಿರಂತೆ ಬೇರೆ ಬೇರೆ ದಾರಿ ಹಿಡಿಯುವುವು. ಕೀಲುಗಳಿಗೆ 20 ಮಿ.ಮೀ. ದಪ್ಪದ ಸರಳು. ಕೀಲು ಹಾಯುವ ತೂತುಗಳನ್ನು ತೆಳುವಾದ ಪೈಪಿನಲ್ಲಿ ಬರಿದೆ ಕೊರೆದು ಬಿಡಬಾರದು. ಅಲ್ಲಿ ದಪ್ಪ ಗೋಡೆಯ ಬುಷ್ಷನ್ನು ಕೂರಿಸಿ ಸುತ್ತಲೂ ಬೆಸೆಯಿಸಬೇಕು. ಗಾಲಿ ಓಡುವ ಚಾನಲ್ಲು ಮೇಲೆ ಕೆಳಗೆ ಎರಡೂ ಕಡೆ ತುಟಿಯುಳ್ಳದ್ದಾಗಿರಲಿ. ಗಾಡಿಯ ಭಾರವು ಒಂದು ತುದಿಗೆ ವಾಲಿದಾಗ ಇನ್ನೊಂದು ತುದಿಯ ಗಾಲಿ ಮೇಲಕ್ಕೆ ಹಾರಲು ನೋಡುವುದು. ತುಟಿಯು ಅದನ್ನು ಹಿಡಿಯುವುದು.

ತೋಳುಗಳನ್ನು ಪೂರ್ತಿ ಮಲಗಿಸಿದರೆ ಮಣೆಯು ಇನ್ನಷ್ಟು ತಗ್ಗಾಗಿ, ಗಾಡಿ ಹತ್ತಿಸುವುದು ಸುಲಭವಾಗುವುದಲ್ಲ ಎಂದು ಜಾಣರಾದ ವಾಚಕರು ಕೇಳಬಹುದು. ಇಲ್ಲಿ ಸ್ವಲ್ಪ ಲೆಕ್ಕವನ್ನು ನೋಡಬೇಕು. ಕತ್ತರಿಯನ್ನು ಎಳೆಯಲು ಬೇಕಾಗುವ ಬಲವು ತೋಳಿನ ಓರೆಯನ್ನು ಅವಲಂಬಿಸಿದೆ. ತೋಳು ನೆಲದಿಂದ 30 ಡಿಗ್ರಿ ಎದ್ದಿರುವಾಗ, ಮೇಲಿರುವ ಭಾರದ ಒಂದೂ ಮುಕ್ಕಾಲರಷ್ಟು ಬಲದಿಂದ ಎಳೆದರೆ ಸಾಕು. 12 ಡಿಗ್ರಿ ಇರುವಾಗ ಭಾರದ ಸುಮಾರು 4.7 ಪಟ್ಟು ಬಲ ಬೇಕು. 5 ಡಿಗ್ರಿಗೆ ಇಳಿದರೆ 11 ಪಟ್ಟಿಗೂ ಮೀರಿ ಹೋಗುವುದು. ಪೂರ್ತಿ ಮಲಗಿದ ಕತ್ತರಿಯನ್ನು ಭೀಮಸೇನನೂ ಎಬ್ಬಿಸಲಾರನು. ಎಳೆದಷ್ಟೂ ತೋಳುಗಳು ಮುರಿಯುವುವೇ ಹೊರತು ಏಳುವುದಿಲ್ಲ. ಆದಕಾರಣ ತೋಳುಗಳು 12 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಚಾನಲ್ಲಿನಲ್ಲಿ ಒಂದು ತಡೆಯನ್ನು ಬೆಸೆಯಿಸಬೇಕು. ಆಗ ಕೀಲುಗಳ ಲೆಕ್ಕದಲ್ಲಿ ಮಣೆಯು 10 ಅಂಗುಲ ಎತ್ತರದಲ್ಲಿ ಕೂತಿರುವುದು. 30 ಡಿಗ್ರಿಗೆ ಏರಿಸಿದಾಗ 24 ಅಂಗುಲವಾಗುವುದು. ಅದಕ್ಕೆ ಮೀರದಂತೆ ಮೇಲೆಯೂ ಒಂದು ತಡೆ ಇರಲಿ. ಹದಿನಾಲ್ಕು ಅಂಗುಲದ ಏರಿಕೆಯಾಯಿತಷ್ಟೆ. ಗಾಲಿಯ ಅಚ್ಚು ಆಗ ಸೊಂಟದ ಸಮೀಪಕ್ಕೆ ಬರುವುದು. ಹತ್ತಂಗುಲದ ಮೆಟ್ಟಿಲನ್ನು ಗಾಡಿ ಹತ್ತಲು ಐದಾರು ಅಡಿ ಉದ್ದದ, ಕೊಕ್ಕೆಯಿಂದ ಮಣೆಗೆ ಸಿಕ್ಕಿಸುವ ಒಂದು ಓರೆಹಲಗೆ ಬೇಕು.

ತೂಕದ ಮಾತನ್ನೂ ಹೇಳಿಬಿಡುವೆವು. ಸಾಮಾನ್ಯ ಸ್ಕೂಟರು ನೂರು ನೂರಹತ್ತು ಕಿಲೋ ತೂಗುವುದು; ಹಳೆಯ ಗತ್ತಿನ ದೊಡ್ಡ ಮೋಟಾರು ಸೈಕಲ್ಲು ಇನ್ನೂರರ ಆಸುಪಾಸು. ಮಣೆಯ ತೂಕವನ್ನೂ ಕೂಡಿಸಿ 250 ಕಿಲೋ ಎಂದು ಹಿಡಿದರೆ, ಮೊದಲ ಸುತ್ತಿನಲ್ಲಿ ತಿರುಪು ಸುಮಾರು 1175 ಕಿಲೋ ಬಲದಿಂದ ಎಳೆಯಬೇಕಾಗುವುದು. ಕೊನೆಯ ಸುತ್ತಿನಲ್ಲಿ 435ರಷ್ಟು. ಟನ್ನಿಗೂ ಮೀರಿದ ಬಲವೆಂದು ಕೇಳಿ ವಾಚಕರು ಬೆದರಬೇಕಾಗಿಲ್ಲ. 24 ಮಿ.ಮೀ. ದಪ್ಪದ, ಒಂದು ಸುತ್ತಿಗೆ 5 ಮಿ.ಮೀ. ಮುಂದುವರಿಯುವ ತಿರುಪಿಗೆ ಒಂದು ಅಡಿಯ ಹಿಡಿಕೆ ಹಾಕಿ ತಿರುಗಿಸಿದರೆ, ಉಜ್ಜಾಟದಲ್ಲಿ ಹೋಗುವ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕೈಗೆ ಬರುವ ಭಾರವು ಹದಿನೈದರಿಂದ ಇಪ್ಪತ್ತು ಕಿಲೋ ಮಾತ್ರ. ತುಂಬಿದ ಕೊಡವನ್ನು ಬಾವಿಯಿಂದ ಸೇದಬಲ್ಲ ಯಾರಾದರೂ ಇದನ್ನು ಮಾಡಬಲ್ಲರು. ಸುಮಾರು ಇಪ್ಪತ್ತೇಳು ಸುತ್ತಿಗೆ ಮಣೆಯು ತಳದಿಂದ ತುದಿ ಮುಟ್ಟುವುದು.

ತಿರುಪೇ ಏಕೆ, ಎಣ್ಣೆಯ ಜಾಕು ಸಾಲದೆ? ಎಣ್ಣೆಯ ಜಾಕು ಎತ್ತುವುದರಲ್ಲಿ ತಿರುಪಿಗಿಂತ ಚುರುಕು, ನಿಜ. ಆದರೆ ಅದು ಭಾರವನ್ನು ಹಿಡಿದಿರುವುದು ಒಂದು ಸಣ್ಣ ಬಿರಡೆಯ ಮತ್ತು ರಬ್ಬರಿನ ಬಳೆಯ ಬಲದಿಂದ. ಅವು ಸವೆದರೆ ಭಾರವು ಮೆಲ್ಲಮೆಲ್ಲನೆ, ಕೆಲವೊಮ್ಮೆ ಒಮ್ಮೆಗೇ, ಕೆಳಗಿಳಿಯುವುದು. ನಾವು ಹೇಳಿದ ತಿರುಪಿನ ಥ್ರೆಡ್ಡಿನ ಓರೆಯು ನಾಲ್ಕು ಡಿಗ್ರಿಯ ಸುಮಾರಿಗಿದ್ದು, ಕಬ್ಬಿಣ ಕಂಚುಗಳ ಉಜ್ಜಾಟವು ತಡೆಯಬಲ್ಲ ಓರೆಯು ಅದರ ಎರಡರಷ್ಟು. ಆದುದರಿಂದ ಹಿಡಿಕೆಯನ್ನು ಬಿಟ್ಟರೂ ತಿರುಪು ತಾನಾಗಿ ಹಿಂದಕ್ಕೆ ಸುತ್ತದು. ಇನ್ನೊಂದು ಸೂಕ್ಷ್ಮವೂ ಇದೆ. ತಿರುಪು ಭಾರವನ್ನು ಎಳೆಯುವಂತೆ ಇರಬೇಕು, ನೂಕುವಂತೆ ಇರಬಾರದು. ಉದ್ದವಾದ ಸರಳನ್ನು ತುದಿಯಿಂದ ಒತ್ತಿದರೆ ನಡುವೆ ಬಾಗಿ ಬಿಲ್ಲಾಗುವುದು. ಎಳೆದರೆ ಬಿಗಿದ ತಂತಿಯಂತೆ ನೆಟ್ಟಗೆ ನಿಲ್ಲುವುದು.

ಈ ತಿರುಪನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆಯು ಬೇರೆ ಊರಿನವರಿಗೆ ಹುಟ್ಟಬಹುದು. ಹರಿಹರದ ಸೀಮೆಯವರಿಗೆ ಹುಟ್ಟಬಾರದು. ತಿರುಪಿನ ಥ್ರೆಡ್ಡನ್ನು ಒಂದೇ ಸಮನಾಗಿ ಕೊರೆಯುವ ಯಂತ್ರವೇ ಲೇತು. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆ ಎಂಬಾತನು ಲೇತಿನ ಒಳಗೇ ಒಂದು ಮಾದರಿ ತಿರುಪನ್ನು ಕೂರಿಸಿ, ಅದು ಒಂದು ಸುತ್ತು ಸುತ್ತಿದರೆ ಉಳಿಯು ಇಂತಿಷ್ಟೇ ಮುಂದೆ ಸರಿಯುವಂತೆ ಮಾಡಿದನು. ಅದಕ್ಕೆ ಮೊದಲು ತಿರುಪುಗಳಲ್ಲಿ ಹೆಚ್ಚಿನವನ್ನು ಕೈಯಿಂದಲೇ ಕೊರೆಯುತ್ತಿದ್ದುದರಿಂದ ಒಂದರ ನಟ್ಟು ಇನ್ನೊಂದಕ್ಕೆ ಹೊಂದುವುದು ಅದೃಷ್ಟದ ಮಾತಾಗಿತ್ತು. ಇಂತಹ ಲೇತುಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಯಿತು. ಅದು ನಿಂತ ನೆಲಕ್ಕೆ ಯಂತ್ರಪುರವೆಂಬ ಹೆಸರೇ ಬಂದಿತು. ಕಿರ್ಲೋಸ್ಕರ್ ಉದ್ಯಮಗಳ ಮೂಲಪುರುಷರಾದ ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನಿಟ್ಟು ವ್ಯವಹಾರವನ್ನು ಆರಂಭಿಸಿದವರೆಂಬುದನ್ನು ಇಲ್ಲಿ ನೆನೆಯಬಹುದು. ಎರಡು ಗಾಲಿಯ ಗಾಡಿಗೂ ಲೇತಿಗೂ ಇರುವ ನಂಟು ಹಳೆಯದು. ಹರಿಹರದ ಆ ಕಾರ್ಖಾನೆಯು ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಆದರೆ ಲೇತಿನ ಮುಂದೆ ನಿಂತು ಕೈ ಪಳಗಿಸಿಕೊಂಡವರ ವಿದ್ಯೆಯು ಕಾರ್ಖಾನೆಯ ಬಾಗಿಲಿನೊಡನೆ ಮುಚ್ಚಿಹೋಗುವಂತಹುದಲ್ಲ. ಈ ಎರಡು ಊರುಗಳಲ್ಲಿಯೂ ಲೇತು ಕೆಲಸದ ಸಣ್ಣ ಅಂಗಡಿಗಳುಂಟು. ಮೇಲೆ ಹೇಳಿದ ಅಳತೆಯನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ತಿರುಪನ್ನೂ, ಅದಕ್ಕೆ ಒಪ್ಪುವ ಎರಡಂಗುಲ ಉದ್ದದ ಕಂಚಿನ ನಟ್ಟನ್ನೂ ಮಾಡಿಕೊಡುವರು. ಇದರಲ್ಲಿ ಮಾತ್ರ ಜಿಪುಣತನ ಬೇಡ. ಗುಜರಿಯಿಂದ ತಂದ ಸವೆದ ತಿರುಪನ್ನು ಹಾಕುವವನು ಉಳಿಸುವ ಹಣವು ವೈದ್ಯರ ಮನೆಗೆ ಹೋಗುವ ದಾರಿಯಲ್ಲಿಯೇ ಖರ್ಚಾದೀತು.

ಬೆಸುಗೆಯನ್ನೂ ಬಲ್ಲವರಿಂದಲೇ ಮಾಡಿಸತಕ್ಕದ್ದು. ಅಳತೆ ಮಾಡುವುದು, ಕೊಯ್ಯುವುದು, ತೂತು ಕೊರೆಯುವುದು, ಜೋಡಿಸುವುದು, ಬಣ್ಣ ಹಚ್ಚುವುದು, ಇವಿಷ್ಟನ್ನು ಗೃಹಸ್ಥನು ತನ್ನ ಮಕ್ಕಳನ್ನು ಸೇರಿಸಿಕೊಂಡು ಎರಡು ಮೂರು ಭಾನುವಾರಗಳಲ್ಲಿ ಮಾಡಬಹುದು.

ಈಗ ಮುಖ್ಯವಾದ ಅಂಗಕ್ಕೆ ಬಂದೆವು. ತಿರುಪು ತಾನಾಗಿ ಹಿಂದೆ ಸರಿಯದೆಂದು ಹೇಳಿದೆವಷ್ಟೆ. ಹಾಗೆಂದು ಅದನ್ನೇ ನಂಬಿ ಮಣೆಯ ಕೆಳಗೆ ಕೈ ಹಾಕಬಹುದೆಂದು ನಾವು ಹೇಳಲಿಲ್ಲ. ನಟ್ಟಿನ ಥ್ರೆಡ್ಡು ಒಳಗೊಳಗೆ ಸವೆಯುವುದು ಹೊರಗಿನವರ ಕಣ್ಣಿಗೆ ಕಾಣದು. ಆದುದರಿಂದ ಕೆಳಚೌಕಟ್ಟಿನ ಎರಡು ಚಾನಲ್ಲುಗಳಲ್ಲಿಯೂ, ಗಾಲಿ ಓಡುವ ದಾರಿಯುದ್ದಕ್ಕೂ, ಒಂದೊಂದು ಅಂಗುಲಕ್ಕೆ ಒಂದರಂತೆ ಎರಡು ತುಟಿಗಳನ್ನೂ ಹಾಯುವ ತೂತುಗಳನ್ನು ಸಾಲಾಗಿ ಕೊರೆಯಬೇಕು. ಮಣೆಯು ಬೇಕಾದ ಎತ್ತರಕ್ಕೆ ಏರಿದ ಮೇಲೆ, ಗಾಲಿಯ ಬೆನ್ನಿಗೇ ಇರುವ ತೂತಿನಲ್ಲಿ 16 ಮಿ.ಮೀ. ದಪ್ಪದ ಉಕ್ಕಿನ ಕಡಾಣಿಯನ್ನು ಎಡಬಲಗಳೆರಡರಲ್ಲಿಯೂ ಇಳಿಸಬೇಕು. ಗಾಲಿಯು ಹಿಂದೆ ಸರಿಯದೆ ಕತ್ತರಿಯು ಕುಸಿಯಲಾರದು. ಕಡಾಣಿ ಇಳಿಸಿದ ಮೇಲೆ ತಿರುಪನ್ನು ಕಾಲು ಸುತ್ತು ಸಡಿಲಿಸಿ, ಭಾರವನ್ನು ಕಡಾಣಿಯ ಮೇಲೆ ಕೂರಿಸಬೇಕು. ಆಮೇಲೆ ಎತ್ತಿದವನು ತಿರುಪು, ಹಿಡಿದವನು ಕಡಾಣಿ.

ಇಳಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ನಡೆಸಬೇಕು. ಮೊದಲು ತಿರುಪನ್ನು ಅರ್ಧ ಸುತ್ತು ಮೇಲಕ್ಕೆ ತಿರುಗಿಸಿ ಕಡಾಣಿಯ ಭಾರವನ್ನು ಬಿಡಿಸಬೇಕು. ಆಗ ಅದು ಬೆರಳಿನಿಂದ ಎಳೆದರೂ ಬರುವುದು. ಬೆರಳಿಗೆ ಬಾರದಿದ್ದರೆ ಅದು ಇನ್ನೂ ಭಾರವನ್ನು ಹೊತ್ತಿದೆಯೆಂದು ತಿಳಿಯತಕ್ಕದ್ದು. ಅಂತಹ ಕಡಾಣಿಯನ್ನು ಸುತ್ತಿಗೆಯಿಂದ ಹೊಡೆದು ಕೀಳಲು ಹೋಗುವವನು ತಾನು ಕೂತ ಕೊಂಬೆಯನ್ನು ಕಡಿಯುವವನೇ ಸರಿ. ಕಡಾಣಿಗಳನ್ನು ಸಣ್ಣ ಸರಪಳಿಯಿಂದ ಚೌಕಟ್ಟಿಗೆ ಕಟ್ಟಿಡಿರಿ. ಕಳೆದುಹೋದ ಕಡಾಣಿಯ ಜಾಗಕ್ಕೆ ಸ್ಕ್ರೂಡ್ರೈವರು ಬರುವುದು ಮನುಷ್ಯ ಸ್ವಭಾವ.

ಗಾಡಿಯನ್ನು ಮಣೆಗೆ ಹತ್ತಿಸುವಾಗ ಅದರ ಮೇಲೆ ಕೂತು ಎಂಜಿನ್ನಿನ ಬಲದಿಂದ ಏರಿಸಬಾರದು. ಒಬ್ಬರು ಹಿಡಿಕೆ ಹಿಡಿದು ನಡೆಸಬೇಕು, ಇನ್ನೊಬ್ಬರು ಹಿಂದಿನಿಂದ ನೂಕಬೇಕು. ಮಣೆಯ ಮುಂತುದಿಯಲ್ಲಿ ಮುಂಗಾಲಿಯನ್ನು ಎರಡು ಕಡೆಯಿಂದಲೂ ಅಪ್ಪಿ ಹಿಡಿಯುವ ಕಬ್ಬಿಣದ ತೊಟ್ಟಿಲು ಇರಲಿ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕು ಮೂಲೆಗಳಿಗೂ ಬಕಲಿನ ಪಟ್ಟಿಗಳಿಂದ ಬಿಗಿಯಬೇಕು. ಲಾರಿಯವರು ಸಾಮಾನು ಕಟ್ಟಲು ಬಳಸುವಂತಹವು ಒಳ್ಳೆಯವು. ತೆಂಗಿನ ನಾರಿನ ಹಗ್ಗವು ಬೇಡ, ಗಂಟು ಸಡಿಲಾಗುವುದು. ಮುಂಗಾಲಿಯನ್ನೋ ಎಂಜಿನ್ನನ್ನೋ ಬಿಚ್ಚಿ ತೆಗೆಯುವಾಗ ಗಾಡಿಯ ಭಾರದ ನಡುವೆ ಸ್ಥಳಾಂತರವಾಗುವುದೆಂಬುದನ್ನು ಮರೆಯಬಾರದು. ಬಿಚ್ಚುವ ಮೊದಲೇ ಪಟ್ಟಿಗಳನ್ನು ಇನ್ನೊಮ್ಮೆ ಬಿಗಿಯಬೇಕು.

ಎತ್ತುಮಣೆಯನ್ನು ಇಡತಕ್ಕ ನೆಲವನ್ನು ಕುರಿತು ನಮ್ಮ ಸೀಮೆಯವರು ವಿಶೇಷ ಎಚ್ಚರಿಕೆ ವಹಿಸಬೇಕು. ಎರೆನೆಲವು ಮಳೆಯಲ್ಲಿ ಉಬ್ಬುವುದು, ಬೇಸಗೆಯಲ್ಲಿ ಬಿರಿಯುವುದು. ಅಂತಹ ನೆಲದ ಮೇಲೆ ಇಂದು ಮಟ್ಟವಾಗಿ ಕೂತ ಚೌಕಟ್ಟು ಮುಂದಿನ ತಿಂಗಳು ಒಂದು ಕಾಲನ್ನು ಗಾಳಿಯಲ್ಲಿ ಆಡಿಸುತ್ತಿರುವುದು. ಮಟ್ಟವಾದ ಕಾಂಕ್ರೀಟಿನ ನೆಲವಾಗಲಿ, ಅಲುಗಾಡದ ಚಪ್ಪಡಿ ಹಾಸಾಗಲಿ ಇರಲೇಬೇಕು.

ಕೆಲಸ ಮುಗಿದ ಮೇಲೆ ಮೊದಲ ಬಾರಿಗೆ ಗಾಡಿಯನ್ನೇ ಹತ್ತಿಸುವ ಆತುರವು ಯಾರಿಗಾದರೂ ಸಹಜ. ಅದನ್ನು ಒಂದು ದಿನ ತಡೆಯಬೇಕು. ಬರಿಯ ಮಣೆಯನ್ನು ತುದಿಯವರೆಗೂ ಏರಿಸಿ, ಎರಡು ಕಡಾಣಿಗಳನ್ನೂ ಇಳಿಸಿ, ಅದರ ಮೇಲೆ 50 ಕಿಲೋ ತೂಕದ ಎಂಟು ಸಿಮೆಂಟ್ ಚೀಲಗಳನ್ನು ನಡುವಿನಿಂದ ಎರಡು ಕಡೆಗೂ ಸಮನಾಗಿ ಹೇರಬೇಕು. ಮಣೆಯ ನಾಲ್ಕು ಮೂಲೆಗಳ ಎತ್ತರವನ್ನು ಅಳೆದು ಬರೆದಿಟ್ಟು, ಹತ್ತಿರ ಯಾರೂ ಸುಳಿಯದಂತೆ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಅಳತೆಯು ಇದ್ದಂತೆಯೇ ಇದ್ದು, ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕೂ ಕಾಣದಿದ್ದರೆ ನಾಲ್ಕು ಚೀಲಗಳನ್ನು ಇಳಿಸಿ, ಉಳಿದ ನಾಲ್ಕರೊಡನೆ ಮಣೆಯನ್ನು ಐದಾರು ಬಾರಿ ಏರಿಳಿಸಿ ನೋಡಬೇಕು. ಎಲ್ಲಿಯಾದರೂ ಕಚ್ಚಿದರೆ, ಜಗ್ಗಿದರೆ, ಒಂದು ಬದಿ ಮುಂದಾಗಿ ಇನ್ನೊಂದು ಹಿಂದಾದರೆ, ಬೆಸುಗೆಯವರನ್ನು ಮತ್ತೆ ಕರೆಯಿಸತಕ್ಕದ್ದು. ಮನೆ ಕಟ್ಟಿಸುತ್ತಿರುವ ನೆರೆಯವರು ಯಾರಾದರೂ ಇದ್ದರೆ ಚೀಲಗಳು ಒಂದು ದಿನದ ಮಟ್ಟಿಗೆ ಸಾಲವಾಗಿ ಸಿಕ್ಕಾವು.

ಪವರ್ ಟಿಲ್ಲರನ್ನು ಈ ಮಣೆಗೆ ಹತ್ತಿಸಬಹುದೆ ಎಂದರೆ, ಕೂಡದು. ದೊಡ್ಡ ಟಿಲ್ಲರುಗಳು ಉಳುವ ಸಲಕರಣೆಯೊಡನೆ ನಾನೂರು ಕಿಲೋಗೆ ಸಮೀಪವಾಗಿ ತೂಗುವುವು. ಈ ಕತ್ತರಿಯನ್ನು ಅಷ್ಟಕ್ಕೆ ಎಣಿಸಿಲ್ಲ. ಅದಕ್ಕೆ ಗಾಡಿಕಾರರ ಪದ್ಧತಿಯೇ ಸರಿ. ಒಂದು ಗಾಲಿಗೆ ಹಿಂದೆ ಮುಂದೆ ಬೆಣೆ ಕೊಟ್ಟು, ಇನ್ನೊಂದು ಬದಿಯ ಅಚ್ಚನ್ನು ಮಾತ್ರ ತಿರುಪಿನ ಜಾಕಿನಿಂದ ಎತ್ತಿ, ಅದರ ಕೆಳಗೆ ಜಾಲಿಯ ದಿಮ್ಮಿಯನ್ನು ನಿಲ್ಲಿಸಿ, ಜಾಕನ್ನು ಸಡಿಲಿಸಿ ಭಾರವನ್ನು ದಿಮ್ಮಿಗೆ ಒಪ್ಪಿಸಬೇಕು. ಒಂದು ಸಲಕ್ಕೆ ಒಂದೇ ಗಾಲಿ.

ತಿರುಪಿಗೆ ತಿಂಗಳಿಗೊಮ್ಮೆ ಹಳೆಯ ಗ್ರೀಸನ್ನು ಒರೆಸಿ ಹೊಸದನ್ನು ಹಚ್ಚಬೇಕು. ಗದ್ದೆಯ ಮಣ್ಣಿನ ನುಣ್ಣನೆಯ ಮರಳು ಗ್ರೀಸಿನಲ್ಲಿ ಬೆರೆತರೆ ಅದೇ ಅರದಂತೆ ಕಂಚಿನ ನಟ್ಟನ್ನು ತಿನ್ನುವುದು. ಗಾಡಿ ತೊಳೆಯುವ ದಿನ ತಿರುಪಿನ ಮೇಲೆ ಹಳೆಯ ಗೋಣಿಯೊಂದನ್ನು ಹೊದಿಸಿದರೆ ಒಳ್ಳೆಯದು. ವರ್ಷಕ್ಕೊಮ್ಮೆ ನಟ್ಟನ್ನು ಕೈಯಿಂದ ಹಿಂದುಮುಂದೆ ಅಲುಗಿಸಿ ನೋಡಿ, ಆಟವು ಹೆಚ್ಚಿದ್ದರೆ ಹೊಸದನ್ನು ಮಾಡಿಸತಕ್ಕದ್ದು.

ಇದು ಮನೆಯ ಅಂಗಳದಲ್ಲಿ ಇರತಕ್ಕ ಸಾಧನವಾದುದರಿಂದ ಇನ್ನೊಂದು ಮಾತು. ಮಕ್ಕಳಿಗೆ ತಿರುಗುವ ಹಿಡಿಕೆಯೂ ಏರುವ ಮಣೆಯೂ ಜಾತ್ರೆಯ ತೊಟ್ಟಿಲಿನಂತೆ ಕಾಣುವುವು. ಕತ್ತರಿಯ ತೋಳುಗಳ ನಡುವೆ ಬೆರಳು ಸಿಕ್ಕಿದರೆ ಆಗುವುದನ್ನು ವರ್ಣಿಸುವುದಕ್ಕೆ ನಮಗೆ ಇಷ್ಟವಿಲ್ಲ. ಎರಡು ಮಗ್ಗುಲಿಗೂ ತಗಡಿನದೋ ಬಲೆಯದೋ ಮರೆಯನ್ನು ತೂಗುಬಿಡಬೇಕು. ಕೆಲಸವಿಲ್ಲದಾಗ ಮಣೆಯನ್ನು ತಳಕ್ಕೆ ಇಳಿಸಿಯೇ ಇಡಬೇಕು. ಹಿಡಿಕೆಯನ್ನು ತಿರುಪಿನಿಂದ ಕಳಚಿ, ಮನೆಯೊಳಗೆ ಮಕ್ಕಳ ಕೈಗೆಟುಕದ ಮೊಳೆಗೆ ತೂಗುಹಾಕತಕ್ಕದ್ದು. ಬೇಸಗೆಯಲ್ಲಿ ಮನೆಯವರು ಈ ಮಣೆಯನ್ನು ಸೊಂಟದ ಮಟ್ಟಕ್ಕೆ ಏರಿಸಿಕೊಂಡು, ಚಾಪೆ ಹಾಸಿ, ಸಂಡಿಗೆ ಇಡಲು ಕೇಳಿದರೆ ಧಾರಾಳವಾಗಿ ಬಿಟ್ಟುಕೊಡಬಹುದು. ಎರಡು ಕಡಾಣಿಗಳನ್ನು ಇಳಿಸಿದ ಮೇಲೆ.